ಬಿಳಿ ಕಟ್ಟೆಯ ಮೇಲೆ ಮೊದಲ ಮುದ್ದೆ

ನಾನು ಯಾವ ವಸ್ತುವನ್ನೂ ವಿಚಾರ ಮಾಡದೆ ಕೊಳ್ಳುವವನಲ್ಲ. ಟಾರ್ಚಿನ ಸೆಲ್ಲು ಬೇಕಾದರೂ ಎರಡು ಅಂಗಡಿ ತಿರುಗಿ, ಅದರ ಮೈಮೇಲಿನ ಅಕ್ಷರಗಳನ್ನೆಲ್ಲ ಓದಿ, ಅಂಗಡಿಯವನಿಗೆ ಸಾಕುಸಾಕೆನಿಸಿದ ಮೇಲೆಯೇ ಜೇಬಿಗೆ ಕೈ ಹಾಕುತ್ತೇನೆ. ಬಿ.ಎಸ್ಸಿ. ಓದಿದ್ದೇನೆ. ಅದರಲ್ಲಿ ಭೌತಶಾಸ್ತ್ರವೂ ಇತ್ತು. ಹೀಗಾಗಿ ನಮ್ಮ ಮದ್ದೂರಿನ ಮನೆಯ ಅಡುಗೆಕಟ್ಟೆ ಬದಲಾಯಿಸುವ ಪ್ರಸಂಗ ಬಂದಾಗ, ಕಲ್ಲು ಆರಿಸುವ ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ. ಅದು ಬೇರೆ ಮಾತು.

ಕಟ್ಟೆ ಬದಲಾಯಿಸಲು ಕಾರಣ ನನ್ನ ಹೆಂಡತಿ ಸವಿತಳ ಸೊಂಟ. ಹಿಂದಿನ ವರ್ಷ ಅದು ಹಿಡಿದುಕೊಂಡು, ಮಂಡ್ಯದ ಮೂಳೆ ಡಾಕ್ಟರು, "ಇನ್ನು ನೆಲದ ಮೇಲೆ ಕೂತು ಬಗ್ಗಿ ಯಾವ ಕೆಲಸವನ್ನೂ ಮಾಡಕೂಡದು" ಎಂದು ಕಟ್ಟಪ್ಪಣೆ ಮಾಡಿದ್ದರು. ನಮ್ಮ ಕಡೆ ಈ ಅಪ್ಪಣೆ ಪಾಲಿಸಬೇಕೆಂದರೆ ಮುದ್ದೆ ಬಿಡಬೇಕು. ಬೆಂದ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಅದು ಅಲ್ಲಾಡದಂತೆ ಕವೆಗೋಲಿನಿಂದ ಕಂಠ ಒತ್ತಿಹಿಡಿದು, ಮುದ್ದೆಕೋಲು ಹಾಕಿ ಮೈಭಾರವೆಲ್ಲ ಬಿಟ್ಟು ತಿರುವಬೇಕು. ಸೊಂಟ ಸರಿಯಿಲ್ಲದವರು ಮಾಡುವ ಕೆಲಸವಲ್ಲ. ಹಾಗಾದರೆ ಸೊಂಟ ಸರಿಯಿರುವ ನೀನೇ ತಿರುವಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.

"ನೋಡಿ, ನಂಗೆ ಬಣ್ಣ ಬ್ಯಾಡ, ಬೆಡಗು ಬ್ಯಾಡ," ಎಂದಳು ಸವಿತ. "ನಿಂತ್ಕೊಂಡು ಮುದ್ದೆ ತಿರುವೋವಂಥ ಕಟ್ಟೆ ಆಗ್ಬೇಕು. ಅಷ್ಟೇಯ."

"ಅಷ್ಟೇನಾ?"

"ಅಷ್ಟೇ ಕಣ್ರೀ. ಮರ್ತುಗಿರ್ತುಬಿಟ್ಟೀರಿ."

ಮರೆಯುವುದೆಂದರೇನು! ಹೊಸ ನೋಟ್‌ಬುಕ್ಕು ತೆಗೆದು ಮೊದಲ ಪುಟದಲ್ಲಿ ದಪ್ಪಕ್ಷರಗಳಲ್ಲಿ 'ಮುದ್ದೆ' ಎಂದು ಬರೆದು ಅಡಿಗೆರೆ ಎಳೆದೆ. ಎರಡನೇ ಪುಟದಿಂದ ಸಂಶೋಧನೆ ಆರಂಭವಾಯಿತು. ಮೊದಲ ಪುಟದ ಕಡೆಗೆ ಮತ್ತೆ ತಿರುಗಲಿಲ್ಲ.

ಮೂರು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಕಡಪ ಕಲ್ಲು ಹಳೆಯ ಕಾಲದ್ದು, ಗ್ರಾನೈಟು ಎಲ್ಲರ ಮನೆಯದ್ದು, ಕ್ವಾರ್ಟ್ಜ್ ಮಾತ್ರವೇ ತಿಳಿದವರದ್ದು ಎಂಬ ಜ್ಞಾನೋದಯವಾಯಿತು. ಕ್ವಾರ್ಟ್ಜ್ ಎಂದರೆ ಗಣಿಯಿಂದ ಕೊಯ್ದು ತಂದ ಬಂಡೆಯಲ್ಲ. ಕಲ್ಲಿನ ಪುಡಿಗೆ ಅಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡಿದ ಹಲಗೆ. ಕಲೆ ಹಿಡಿಯದು, ನೀರು ಕುಡಿಯದು, ಗೀರು ಬೀಳದು. ವಿಡಿಯೋದಲ್ಲಿ ಒಬ್ಬ ಹೆಂಗಸು ಅದರ ಮೇಲೆ ಒಂದು ನಿಂಬೆಹಣ್ಣು ಇಟ್ಟು, ಅರ್ಧಕ್ಕೆ ಕೊಯ್ದು, ಕ್ಯಾಮೆರಾ ನೋಡಿ ನಕ್ಕಳು. ಇಡೀ ವಿಡಿಯೋದಲ್ಲಿ ಆಕೆ ಮಾಡಿದ ಅಡುಗೆ ಅಷ್ಟೇ. ನನಗೆ ಸಂಪೂರ್ಣ ಮನವರಿಕೆಯಾಯಿತು.

ಕಟ್ಟೆ ಕಟ್ಟಲು ಬಂದ ಮೇಸ್ತ್ರಿ ಚಿಕ್ಕಣ್ಣನಿಗೆ ಮಾತ್ರ ಆಗಲಿಲ್ಲ.

"ಕರೀ ಗ್ರಾನೈಟು ಆಕ್ಸಿ ಸಾ. ಕಣ್ಮುಚ್ಕಂಡು ಆಕ್ಸಿ. ಬಿಸೀದಾದ್ರೂ ಮಡಗಿ, ತಣ್ಣಗಿರೋದಾದ್ರೂ ಮಡಗಿ, ಅದು ಕ್ಯಾರೇ ಅನ್ನಕಿಲ್ಲ."

"ಚಿಕ್ಕಣ್ಣ, ಗ್ರಾನೈಟಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅದರೊಳಗೆ ಬ್ಯಾಕ್ಟೀರಿಯಾ ಕೂರುತ್ತವೆ."

ಅವನು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದ. "ಕೂತ್ಕಳ್ಲಿ ಬುಡಿ ಸಾ. ಅವ್ಕೂ ಒಂದು ಜಾಗ ಬೇಕಲ್ವಾ?"

ವಿಜ್ಞಾನ ಓದದವರ ಜೊತೆ ಏನು ವಾದ! ನಾನು ಸವಿತಳನ್ನು ಕರೆದುಕೊಂಡು ಮಂಡ್ಯಕ್ಕೆ ಹೊರಟೆ.

ಆ ಅಂಗಡಿಯಲ್ಲಿ ಎ.ಸಿ. ಇತ್ತು. ಮೆಲ್ಲಗೆ ಸಂಗೀತ ಹಾಕಿದ್ದರು. ಹಲಗೆಗಳಿಗೆಲ್ಲ ಬೆಳ್ಳನೆಯ ದೇಶಗಳ ಬೆಳ್ಳನೆಯ ಹೆಸರುಗಳು. ಕಬ್ಬಿನ ಲಾರಿಗಳ ಹಾರ್ನು ಬಾಗಿಲಿನಾಚೆಗೇ ನಿಂತುಬಿಟ್ಟಿತ್ತು. ಟೈ ಕಟ್ಟಿದ್ದ ಒಬ್ಬ ಯುವಕ ಬಂದು, "ವೆಲ್‌ಕಮ್ ಸರ್, ಮೇಡಮ್" ಎಂದ. ಹೆಸರು ಕಿರಣ್ ಎಂದು ಎದೆಯ ಮೇಲೆ ಬರೆದಿತ್ತು. ಅವನು ಒಂದು ಬಿಳಿ ತುಂಡಿನ ಮೇಲೆ ಅರಿಸಿನ ಸುರಿದ. ಒರೆಸಿದ. ಕಲೆಯಿಲ್ಲ! ಬೀಟ್‌ರೂಟ್ ತಿಕ್ಕಿದ. ಒರೆಸಿದ. ಕಲೆಯಿಲ್ಲ! ನಾನು ಸವಿತಳ ಕಡೆ ತಿರುಗಿ, ಆ ಕಲ್ಲನ್ನು ಕಂಡುಹಿಡಿದವನೇ ನಾನೆಂಬಂತೆ ನೋಡಿದೆ.

"ಎಲ್ಲ ಸರಿ ಕಣಪ್ಪ," ಎಂದು ಶುರುಮಾಡಿದಳು ಸವಿತ. "ಇದ್ರ ಮ್ಯಾಲೆ ಮುದ್ದೆ ಪಾ..."

ನಾನು ಅವಳ ಮೊಣಕೈ ಹಿಡಿದು ಒತ್ತಿದೆ.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ದಿನಕ್ಕೆ ಎರಡು ಮುದ್ದೆ ನುಂಗಿ ಬೆಳೆದ ಮೈ ಇದು. ಆದರೆ ಆ ಎ.ಸಿ. ಗಾಳಿಯಲ್ಲಿ, ಆ ಟೈ ಎದುರಿಗೆ, ಮುದ್ದೆ ಎಂಬ ಮಾತು ಬಾಯಿಂದ ಬಿದ್ದರೆ ನಮ್ಮ ಕೈಯಿಂದ ಹಲಗೆ ಕಿತ್ತುಕೊಂಡು ಆಚೆ ಕಳಿಸಿಬಿಡುತ್ತಾರೇನೋ ಅನ್ನಿಸಿತು. ಮಂಡ್ಯದ ನಡುಮಧ್ಯದಲ್ಲಿ ನಿಂತು ಮುದ್ದೆಗೆ ನಾಚಿಕೊಂಡ ಗಂಡಸು ನಾನೊಬ್ಬನೇ ಇರಬೇಕು ಎಂದು ಆಗ ಅಂದುಕೊಂಡಿದ್ದೆ.

"ಯಾಕ್ರೀ ಚಿವುಟ್ತೀರಾ?"

"ಆಮೇಲೆ ಹೇಳ್ತೀನಿ. ಸುಮ್ನಿರು."

ಕಿರಣ್ ಒಂದು ಫಾರಂ ತೆಗೆದ. "ಸರ್, ನಿಮ್ಮ ಮನೆಯಲ್ಲಿ ಹೆವಿ ಕುಕಿಂಗಾ, ಲೈಟ್ ಕುಕಿಂಗಾ?"

"ಲೈಟ್," ಎಂದೆ ನಾನು. "ವೆರಿ ಲೈಟ್. ಸ್ಯಾಲಡ್, ಬ್ರೆಡ್ಡು, ಹಾಗೇ..."

ಸವಿತ ನನ್ನ ಮುಖವನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಸ್ಯಾಲಡ್ ತಿಂದದ್ದನ್ನು ಅವಳು ಕಂಡಿರಲಿಲ್ಲ. ಕಿರಣ್ 'ಲೈಟ್' ಎಂಬುದರ ಮುಂದೆ ಗುರುತು ಹಾಕಿದ. ನಾನು ಗಂಭೀರವಾಗಿ ಸಹಿ ಮಾಡಿದೆ. ಕೊನೆಗೆ ಅವನು ಒಂದು ಕಾರ್ಡು ಕೊಟ್ಟು, "ಬಳಸೋ ಮುಂಚೆ ಇದನ್ನ ಓದ್ಕೊಳ್ಳಿ ಸರ್" ಎಂದ. ನಾನು ಅದನ್ನು ಭದ್ರವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಮನೆಪತ್ರದ ಕೆಳಗೆ ಇಟ್ಟೆ. ಅಷ್ಟು ಮುಖ್ಯವಾದದ್ದನ್ನು ಎಲ್ಲೆಂದರಲ್ಲಿ ಇಟ್ಟು ಓದಲಾಗುತ್ತದೆಯೇ?

ಹಲಗೆ ಬಂತು. ಹಾಲಿನಂತೆ ಬಿಳಿ, ಅದರಲ್ಲಿ ನವಿರಾದ ಬೂದು ಗೆರೆ. ಒಲೆಯ ಪಕ್ಕದಿಂದ ಹೊರಟು ಕೆಳಗಿನ ಆಸರೆಗೋಡೆ ದಾಟಿ ಎರಡಡಿ ಗಾಳಿಯಲ್ಲಿ ಚಾಚಿಕೊಂಡಿರಬೇಕು, ಕೆಳಗೆ ಏನೂ ಇರಬಾರದು ಎಂದು ನಾನು ವಿಡಿಯೋದಲ್ಲಿದ್ದ ಚಿತ್ರವನ್ನು ಚಿಕ್ಕಣ್ಣನಿಗೆ ತೋರಿಸಿದೆ.

"ಕೆಳ್ಗೆ ಕಬ್ಬುಣದ ಆಂಗಲ್ ಕೊಡ್ತೀನಿ ಸಾ," ಎಂದ ಅವನು.

"ಬೇಡ. ಅಂದ ಕೆಡುತ್ತೆ."

"ಒಂದು ಗ್ವಾಡೆನಾದ್ರೂ ಎಬ್ಬುಸ್ತೀನಿ."

"ತೇಲಿದ ಹಾಗಿರಬೇಕು ಚಿಕ್ಕಣ್ಣ. ತೇಲಿದ ಹಾಗೆ!"

"ಕಲ್ಲು ತೇಲಕಿಲ್ಲ ಸಾ, ಬೀಳ್ತದೆ." ಹಾಗೆಂದು ಅವನು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಒದರಿ, ನಾನು ಹೇಳಿದಂತೆಯೇ ಕೂರಿಸಿ, "ನಾಳೀಕೆ ನನ್ನ ಅನ್ಬೇಡಿ" ಎಂದು ಹೇಳಿ ಹೋದ.

ಆಮೇಲೆ ಹದಿನೈದು ದಿನ ಆ ಕಟ್ಟೆಯ ಮೇಲೆ ಯಾರೂ ಏನೂ ಇಡದಂತೆ ನಾನು ಕಾವಲು ಕಾದೆ. ಕಾಫಿ ಲೋಟದ ಕೆಳಗೆ ಬಟ್ಟೆ. ಒಗ್ಗರಣೆ ಸೌಟಿನ ಕೆಳಗೆ ತಟ್ಟೆ. ಬಂದವರಿಗೆಲ್ಲ ಅರಿಸಿನ ಸುರಿದು ಒರೆಸಿ ತೋರಿಸಿ, ಮನೆಯ ಅರಿಸಿನದ ಡಬ್ಬಿ ಖಾಲಿಯಾಯಿತು. ಸವಿತ ದಿನವೂ ಅನ್ನ ಮಾಡಿದಳು. ದಿನವೂ ಕೇಳಿದಳು.

"ಮುದ್ದೆ ಯಾವಾಗ್ರೀ?"

"ಅಂಟು ಪೂರ್ತಿ ಒಣಗಲಿ."

"ನಿಮ್ ಬಾಯಿಗೆ ಹಾಕಿದ್ರೆ ಒಂದೇ ದಿನಕ್ಕೆ ಒಣಗ್ತಿತ್ತು ಆ ಅಂಟು."

ಹದಿನಾರನೆಯ ದಿನ ಭಾನುವಾರ. ಕಿರುಗಾವಲಿನಿಂದ ಬಾಮೈದ ಪುಟ್ಟರಾಜು, ಸವಿತಳ ತಮ್ಮ, ಕುಯ್ದು ಹಸನು ಮಾಡಿದ ಎರಡು ನಾಟಿಕೋಳಿ ಹಿಡಿದು ಬಂದಿಳಿದ. ಸಾರು ಕುದಿಯತೊಡಗಿತು. ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದ ಅಕ್ಕನನ್ನು ನೋಡಿ ಅವನು ಕೂತಲ್ಲಿಂದ ಎದ್ದೇಬಿಟ್ಟ.

"ಏನಕ್ಕಯ್ಯಾ ಇದು? ನಾಟಿಕೋಳಿ ಸಾರ್ಗೆ ಅನ್ನವಾ? ಊರ್ಗೆ ಓಗಿ ಯೋಳಿದ್ರೆ ಉಗೀತಾರೆ ಕಣಕ್ಕಾ!"

"ನಿಮ್ ಭಾವನ್ನ ಕೇಳು. ಕಟ್ಟೆ ಒಣಗ್ಬೇಕಂತೆ."

"ಏನ್ ಬಾವ, ಒಲೆ ಅಚ್ಚಕ್ಕೆ ಕಟ್ಟೆ ಕಟ್ಸಿದ್ರಾ, ಪೂಜೆ ಮಾಡಕ್ಕೆ ಕಟ್ಸಿದ್ರಾ?"

ನನ್ನ ಸ್ವಾಭಿಮಾನ ಕೆರಳಿತು. "ಮಾಡು ಸವಿತ, ಮುದ್ದೆ! ಇವತ್ತೇ ಆಗಲಿ!" ಎಂದು ಘೋಷಿಸಿ, ಆ ಐತಿಹಾಸಿಕ ಗಳಿಗೆಯನ್ನು ಸೆರೆಹಿಡಿಯಲು ಮೊಬೈಲು ಕೈಗೆ ತೆಗೆದುಕೊಂಡೆ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ನೋಡಲಿ, ಸವಿತ ಹೇಗೆ ರಾಣಿಯಂತೆ ನಿಂತು ಮುದ್ದೆ ತಿರುವುತ್ತಾಳೆ ಎಂದು.

ನಿಂತಾಗ ಒಂದು ಸಣ್ಣ ಅಂಶ ಬೆಳಕಿಗೆ ಬಂತು. ವಿಡಿಯೋದಲ್ಲಿ ಹೇಳಿದ ಎತ್ತರಕ್ಕೇ ನಾನು ಕಟ್ಟೆ ಅಳೆಸಿದ್ದೆ. ಕಟ್ಟೆಯನ್ನು ಅಳೆಸಿದ್ದೆ, ಹೆಂಡತಿಯನ್ನು ಅಳೆದಿರಲಿಲ್ಲ. ಸವಿತ ಐದಡಿ. ಅಷ್ಟೆತ್ತರದ ಕಟ್ಟೆಯ ಮೇಲೆ ಪಾತ್ರೆ ಇಟ್ಟರೆ ಅದರ ಕಂಠ ಅವಳ ಎದೆಮಟ್ಟಕ್ಕೆ ಬರುತ್ತದೆ. ಮುದ್ದೆ ತಿರುವಲು ಮೇಲಿನಿಂದ ಭಾರ ಬೀಳಬೇಕು. ಎದೆಮಟ್ಟದ ಪಾತ್ರೆಗೆ ಎಲ್ಲಿಂದ ಭಾರ ಬಿಡುವುದು?

"ಹಿಂಗೆ ಆಗಕಿಲ್ಲ ಕಣ್ರೀ," ಎಂದಳು.

ವಿಜ್ಞಾನ ಓದಿದವನು ಹಿಂಜರಿಯುತ್ತಾನೆಯೇ? ದೇವರಮನೆಯಿಂದ ಮಣೆ ತಂದು ಅವಳ ಕಾಲ ಕೆಳಗೆ ಹಾಕಿದೆ. ಸಾಲದು. ಅದರ ಮೇಲೆ ಇನ್ನೊಂದು ಮಣೆ. ಈಗ ಸರಿ! ಸೊಂಟ ನೋವಿನವಳನ್ನು ಎರಡು ಮಣೆಯ ಮೇಲೆ ನಿಲ್ಲಿಸಿ, ನಾನು ಮೂರು ಹೆಜ್ಜೆ ಹಿಂದಕ್ಕೆ ಸರಿದು ಕ್ಯಾಮೆರಾ ಒತ್ತಿದೆ.

ಸವಿತ ಕುದಿಕುದಿಯುವ ಪಾತ್ರೆಯನ್ನು ಒಲೆಯಿಂದೆತ್ತಿ ನೇರವಾಗಿ ಆ ಬಿಳಿ ಹಲಗೆಯ ಚಾಚಿದ ತುದಿಯ ಮೇಲೆ ಇಟ್ಟಳು. ಎದುರಿನಿಂದ ಪುಟ್ಟರಾಜು ಕವೆಗೋಲು ಹಾಕಿ ಒತ್ತಿಹಿಡಿಯಲು ಅಲ್ಲಿಯೇ ಜಾಗವಿದ್ದದ್ದು. ಅವಳು ಕೋಲು ಹಾಕಿ ತಿರುವತೊಡಗಿದಳು. ಒಂದು ಸುತ್ತು. ಎರಡು ಸುತ್ತು.

ಟಿಕ್.

"ಏನ್ರೀ ಅದು ಸದ್ದು?"

"ಪಾತ್ರೆ ಸದ್ದು. ತಿರುವು, ತಿರುವು, ಚೆನ್ನಾಗಿ ಬರ್ತಿದೆ," ಎಂದೆ ನಾನು, ಚಿತ್ರದಲ್ಲಿ ಅವಳ ಮುಖ ನಡುವೆ ಬರಲೆಂದು ಮೊಬೈಲು ಸರಿಮಾಡುತ್ತ.

ಇನ್ನೊಂದು ಸುತ್ತು. ಟಪ್!

ಪಾತ್ರೆಯ ಕೆಳಗಿನಿಂದ ಒಂದು ಕೂದಲೆಳೆಯಂಥ ಗೆರೆ ಹೊರಟಿತು. ಕಲ್ಲಿನ ಬೂದು ಗೆರೆಗಳಲ್ಲಿ ಅದೂ ಒಂದೆಂದೇ ನಾನು ಅಂದುಕೊಂಡೆ. ಆ ಗೆರೆ ನಡೆಯುತ್ತಿತ್ತು! ಮುಂದಿನ ಕ್ಷಣ ಎರಡಡಿ ಹಲಗೆ, ಕದ ಕಿತ್ತು ಬಿದ್ದಂತೆ, ಕೆಳಕ್ಕೆ ಹೋಯಿತು. ಪುಟ್ಟರಾಜು ಕವೆಗೋಲು ಎಸೆದು, ಅಕ್ಕನ ರಟ್ಟೆಗೆ ಕೈ ಹಾಕಿ, ಹೊಲದಲ್ಲಿ ಕಬ್ಬಿನ ಹೊರೆ ಎಳೆಯುವಂತೆ ಪಕ್ಕಕ್ಕೆಳೆದ. ಪಾತ್ರೆ ಬಂದು ಮಣೆಯ ಮೇಲೆ ಬಿತ್ತು. ಅವಳ ಎರಡು ಪಾದಗಳಿದ್ದ ಜಾಗದಲ್ಲಿ, ಸರಿಯಾಗಿ ಅಲ್ಲೇ. ಕಲ್ಲಿನ ಅಂಚು ಅದರ ಪಕ್ಕಕ್ಕೆ ಬಡಿದು ಮೇಲಿನ ಮಣೆ ಎರಡು ಹೋಳಾಯಿತು. ಕುದಿಯುವ ಹಿಟ್ಟು ನೆಲದ ಮೇಲೆ ಗುಳುಗುಳು ಎನ್ನುತ್ತ ಹಬೆಯಾಡುತ್ತಿತ್ತು.

ಆ ಗಳಿಗೆಯಲ್ಲಿ ಈ ವಿದ್ಯಾವಂತ, ಈ ಪತಿ, ಏನು ಮಾಡಿದ?

ಕೂಗಿದೆ. "ಅಯ್ಯೋ! ಕಟ್ಟೆ! ನನ್ನ ಕಟ್ಟೆ!"

ಸವಿತ ನೆಲದ ಮೇಲೆ ಕೂತಿದ್ದಳು, ಡಾಕ್ಟರು ಕೂಡದೆಂದಿದ್ದ ರೀತಿಯಲ್ಲೇ. ಅವಳ ಸೀರೆಯ ಅಂಚಿಗೆ ಒಂದು ಹನಿ ಹಿಟ್ಟು ಅಂಟಿತ್ತು. ಅಷ್ಟೇ. ಅವಳು ಅತ್ತಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆನೇನೋ. ಅಳಲಿಲ್ಲ. ನಿಧಾನವಾಗಿ ಕತ್ತೆತ್ತಿ ಕೇಳಿದಳು.

"ಈಗ ಏನಂದ್ರಿ?"

"ಸವಿತ ಅಂದೆ."

"ಅಲ್ಲ."

"ನಿನ್ನ ಹೆಸರೇ ಕೂಗಿದ್ದು ಕಣೆ. ಗಾಬರೀಲಿ ನಿನಗೆ ಬೇರೆ ಥರ ಕೇಳ್ಸಿರಬೇಕು."

"ಬಾವ," ಎಂದ ಪುಟ್ಟರಾಜು, ಏದುಸಿರು ಬಿಡುತ್ತ, "ಮೊಬೈಲು ಇನ್ನೂ ಓಡ್ತಾ ಅದೆ."

ಓಡುತ್ತಿತ್ತು! ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಗಂಡ ಹೇಳಿದ್ದಕ್ಕೂ ಹೆಂಡತಿ ಕೇಳಿಸಿಕೊಂಡದ್ದಕ್ಕೂ ಸಾಕ್ಷಿ ಎಂದೂ ಇರಲಿಲ್ಲ. ಅಂದು ಇತ್ತು. ಪುಟ್ಟರಾಜು ಅದನ್ನು ಒತ್ತಿದ. ಟಿಕ್. 'ಪಾತ್ರೆ ಸದ್ದು. ತಿರುವು, ತಿರುವು.' ಟಪ್. ಧಡಾರ್. 'ಅಯ್ಯೋ! ಕಟ್ಟೆ! ನನ್ನ ಕಟ್ಟೆ!' ನನ್ನ ಧ್ವನಿ ಇಷ್ಟು ಸ್ಪಷ್ಟವಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

"ಕಾಲು ಹೋಗಿದ್ರೆ ಇನ್ನೊಂದು ಕಾಲು ಹಾಕಿಸ್ಬೋದಿತ್ತು," ಎಂದಳು ಸವಿತ. "ಕಟ್ಟೆ ನೋಡಿ, ಅದು ಮತ್ತೆ ಸಿಕ್ಕಲ್ಲ."

ಆ ವಿಡಿಯೋವನ್ನು ನಾನು ಅಳಿಸಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ತೆಗೆದು ನೋಡುತ್ತೇನೆ. ಸದ್ದು ಅಡಗಿಸಿ ನೋಡುತ್ತೇನೆ. ಪಾತ್ರೆ ಬೀಳುವ ಜಾಗಕ್ಕೆ ಬಂದಾಗ ಪ್ರತಿಸಲವೂ, ಈ ಸಲ ಅವಳ ಕಾಲು ಅಲ್ಲೇ ಉಳಿದುಬಿಡುತ್ತದೇನೋ ಅನ್ನಿಸುತ್ತದೆ. ಪುಟ್ಟರಾಜು ಒಂದು ಉಸಿರಿನಷ್ಟು ತಡಮಾಡಿದ್ದರೆ? ಅವನು ಅಂದು ಬರದೇ ಇದ್ದು, ಕವೆಗೋಲು ಹಿಡಿಯಲು ಯಾರೂ ಇಲ್ಲದೆ ಅವಳೊಬ್ಬಳೇ ತಿರುವಿದ್ದರೆ? ಅಲ್ಲಿಗೆ ನಿಲ್ಲಿಸುತ್ತೇನೆ. ಊಟ ಸೇರುವುದಿಲ್ಲ.

ಮಾರನೆಯ ದಿನ, ತಪ್ಪು ನನ್ನದಲ್ಲ ಎಂಬುದನ್ನು ಸ್ಥಾಪಿಸಲೇಬೇಕಾದ್ದರಿಂದ, ಒಡೆದ ಕಲ್ಲಿನ ಒಂದು ಚೂರು ಚೀಲದಲ್ಲಿ ಹಾಕಿಕೊಂಡು ಮಂಡ್ಯದ ಅಂಗಡಿಗೆ ಹೋದೆ. ಸವಿತಳೂ ಬಂದಳು. "ನೀವೊಬ್ರೇ ಹೋದ್ರೆ ಇನ್ನೊಂದು ಕಲ್ಲು ತತ್ತೀರಿ" ಎಂದಳು.

ಕಿರಣ್ ಚೂರನ್ನು ತಿರುಗಿಸಿ ನೋಡಿದ. ನನ್ನ ಫಾರಂ ತೆಗೆದ. "ಸರ್, ಇಲ್ಲಿ ಲೈಟ್ ಕುಕಿಂಗ್ ಅಂತ ನೀವೇ ಸೈನ್ ಮಾಡಿದೀರಿ. ಬಿಸಿ ಪಾತ್ರೆ ನೇರವಾಗಿ ಇಡಬಾರದು, ಒಂದೇ ಕಡೆ ಬಿಸಿ ತಾಗಿದ್ರೆ ಸೀಳುತ್ತೆ ಅಂತ ಕಾರ್ಡಿನಲ್ಲೂ ಇದೆ. ಓದಿದ್ರಲ್ಲ ಸರ್?"

"ಭದ್ರವಾಗಿಟ್ಟಿದೀನಿ," ಎಂದೆ.

"ಸ್ಯಾಲಡ್ ಇಟ್ರೆ ಹಿಂಗಾಗಲ್ಲ ಸರ್. ನಿಜವಾಗಿ ಏನಿಟ್ಟಿದ್ರಿ?"

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಸಂಗೀತ ಮೆಲ್ಲಗೆ ಬರುತ್ತಿತ್ತು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಸವಿತ ಮುಂದೆ ಬಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು. "ಮುದ್ದೆ ಕಣಪ್ಪ! ಹತ್ತು ಮುದ್ದೆ ಪಾತ್ರೆ! ಅದ್ರ ಮ್ಯಾಲೆ ತಿರುವ್ತಾ ಇದ್ದೆ!"

ಕಿರಣನ ಮುಖದಿಂದ ಆ ಅಂಗಡಿಯ ನಗು ಜಾರಿಹೋಯಿತು. ಅವನು ಟೈ ಸಡಿಲ ಮಾಡಿಕೊಂಡ.

"ಅಯ್ಯೋ, ಅವತ್ತೇ ಯೋಳ್ಬಾರ್ದಾ ಅಕ್ಕಾ? ನಮ್ದು ಕೆರಗೋಡು. ನಮ್ಮನೇಲೂ ದಿನಾ ಎರ್ಡೊತ್ತು ಇಟ್ಟೇಯ, ಮುದ್ದೇಯ! ಇಲ್ಲಿ ಆ ಮಾತೆತ್ತಿದ್ರೆ ಗಿರಾಕಿಗಳು ಏನಂದ್ಕತ್ತಾರೋ ಅಂತ ನಾನೂ ಕೇಳ್ನಿಲ್ಲ."

ಹೀಗೆ ಇಬ್ಬರು ಮಂಡ್ಯದ ಗಂಡಸರು, ಒಬ್ಬರಿಂದೊಬ್ಬರು ಮುದ್ದೆಯನ್ನು ಬಚ್ಚಿಟ್ಟುಕೊಂಡು, ಒಬ್ಬ ಹೆಂಗಸಿನ ಕಾಲಿಗೆ ಸಂಚಕಾರ ತಂದಿದ್ದೆವು!

"ನಿಮ್ಮನೇಲಿ ಯಾವ ಕಲ್ಲಪ್ಪ?" ಎಂದು ಕೇಳಿದಳು ಸವಿತ. ಮೂರು ವಾರದ ನನ್ನ ಸಂಶೋಧನೆಯಲ್ಲಿ ಇಲ್ಲದಿದ್ದ ಪ್ರಶ್ನೆ.

"ಅಡ್ಗೆಕಟ್ಟೆಗೆ ಗ್ರಾನೈಟು. ಆದ್ರೆ ಇಟ್ಟು ಅದ್ರ ಮ್ಯಾಲೆ ತಿರುವಕಿಲ್ಲ ಅಕ್ಕಾ, ಎತ್ರ ಆಯ್ತದಲ್ಲ. ನಮ್ಮವ್ವಂಗೂ ಸೊಂಟ ಇಡ್ಕಂಡಿತ್ತು. ಮೂಲೇಲಿ ಮೊಣಕಾಲುದ್ದ ಒಂದು ಗಿಡ್ಡ ಕಟ್ಟೆ ಕಟ್ಟಿ, ಮ್ಯಾಲೆ ಒಂದು ಒರಟು ಚಪ್ಪಡಿ ಆಕ್ಸಿದೀವಿ. ಪಾತ್ರೆ ಅಲ್ಲಿಗಿಳ್ಸಿ, ಬಗ್ಗದಂಗೆ ನೆಟ್ಟಗೆ ನಿಂತ್ಕಂಡೇ ಉದ್ದ ಕೋಲಲ್ಲಿ ತಿರುವ್ತಾರೆ."

ಸವಿತ ನನ್ನ ಕಡೆ ನೋಡಲಿಲ್ಲ. ಚಿಕ್ಕಣ್ಣನಿಗೆ ಫೋನು ಮಾಡಿದಳು.

ಚಿಕ್ಕಣ್ಣ ಬೆಳಿಗ್ಗೆ ಬಂದವನು ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಸಿದ. ಇಟ್ಟಿಗೆ, ಸಿಮೆಂಟು, ಮೇಲೊಂದು ಒರಟು ಚಪ್ಪಡಿ. ಅಂದವಿಲ್ಲ, ಬಣ್ಣವಿಲ್ಲ, ಹೆಸರಿಲ್ಲ. ಹತ್ತಿರ ನಿಂತು ಸಲಹೆ ಕೊಡಲು ನಾನು ಬಾಯಿ ತೆರೆದಾಗ ಅವನು, "ಸಾ, ನೀವು ಸ್ವಲ್ಪ ಆಚೆ ಗಾಳಿಗೆ ಕೂತ್ಕಳಿ" ಎಂದ. ಕೂತೆ. ಸಿಮೆಂಟು ಒಣಗುವವರೆಗೆ ಕಾಯೋಣವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಚಿಕ್ಕಣ್ಣನೇ ಹೇಳಿದ. ಅವನ ಮಾತಿಗೆ ಸವಿತ ಒಪ್ಪಿದಳು.

ವಾರದ ನಂತರ ಮುದ್ದೆಯಾಯಿತು. ಸವಿತ ಪಾತ್ರೆಯನ್ನು ಗಿಡ್ಡ ಕಟ್ಟೆಗಿಳಿಸಿ, ನೆಟ್ಟಗೆ ನಿಂತು, ಉದ್ದನೆಯ ಕೋಲು ಹಾಕಿ ಒಂದು ಸುತ್ತು ತಿರುವಿ, ಸೊಂಟದ ಮೇಲೆ ಕೈಯಿಟ್ಟು ನೋಡಿಕೊಂಡಳು. ನೋವಿಲ್ಲ. ಅವಳ ಮುಖದಲ್ಲಿ ಆಗ ಬಂದ ನಗುವನ್ನು ನಾನು ಮೊಬೈಲಿನಲ್ಲಿ ಹಿಡಿಯಲಿಲ್ಲ. ಹಿಡಿಯಲು ಕೈ ಖಾಲಿ ಇರಲಿಲ್ಲ. ಕವೆಗೋಲು ನನಗೆ ಕೊಟ್ಟಿದ್ದಳು.

"ಹತ್ರ ಬನ್ನಿ. ಇನ್ನೂ ಹತ್ರ. ಈ ಕಡೆ ನಿಮ್ ಕಾಲು ಇರ್ಲಿ, ನಾನು ಆ ಕಡೆ ನಿಲ್ತೀನಿ."

ಅಂದಿನಿಂದ ದಿನವೂ ಹಾಗೇ. ಕುದಿಯುವ ಪಾತ್ರೆಯ ಪಕ್ಕಕ್ಕೆ ಎರಡು ಪಾದ ಊರಿ, ಕವೆಗೋಲು ಒತ್ತಿಹಿಡಿದು, ಉಸಿರು ಬಿಗಿಹಿಡಿದು, ಎಲ್ಲಾದರೂ ಟಿಕ್ ಎನ್ನುತ್ತದೆಯೇ ಎಂದು ಕಿವಿಗೊಟ್ಟು ನಿಂತಿರುತ್ತೇನೆ.

"ಯಾಕ್ರೀ ಕವೆಗೋಲು ಅಲ್ಲಾಡ್ತಿದೆ? ಗಟ್ಟಿಯಾಗಿ ಹಿಡ್ಕೊಳಿ!"

ಕಟ್ಟೆ ಗಟ್ಟಿಯಾಗಿದೆ. ಪಾತ್ರೆ ಗಟ್ಟಿಯಾಗಿದೆ. ಅವಳ ಸೊಂಟವೂ ಈಗ ಗಟ್ಟಿಯಾಗಿದೆ. ಅಡುಗೆಮನೆಯಲ್ಲಿ ಅಲ್ಲಾಡುವ ವಸ್ತು ನಾನೊಬ್ಬನೇ.